ಕ್ಯಾಂಟರ್ಬರಿಯ ಕಲ್ಲು ಮತ್ತು ಜರ್ವೇಸನ ಬರಹ

ಮಧ್ಯಯುಗದ ಯುರೋಪಿನ ಮಹಾ ಇಗರ್ಜಿಗಳ ನಿರ್ಮಾಣ ಚರಿತ್ರೆಯನ್ನು ಬರೆಯುವವರಿಗೆ ಬಹುಮಟ್ಟಿಗೆ ಕಟ್ಟಡವೇ ಪ್ರಧಾನ ಆಕರ. ಕಲ್ಲಿನ ಜೋಡಣೆ, ಉಳಿಯ ಗುರುತು, ಕಮಾನಿನ ಆಕಾರ ಇವುಗಳಿಂದ ಕಾಲವನ್ನೂ ಕ್ರಮವನ್ನೂ ಊಹಿಸಬೇಕಾಗುತ್ತದೆ. ಇಂಗ್ಲೆಂಡಿನ ಕ್ಯಾಂಟರ್ಬರಿಯ ಪ್ರಧಾನ ಇಗರ್ಜಿಯಾದ ಕೆಥೆಡ್ರಲ್ ಇದಕ್ಕೆ ವಿಶಿಷ್ಟವಾದ ಅಪವಾದ. 12ನೆಯ ಶತಮಾನದ ಕೊನೆಯಲ್ಲಿ ಅದರ ಪೂರ್ವಭಾಗವು ಸುಟ್ಟು ಮತ್ತೆ ಎದ್ದ ವೃತ್ತಾಂತವನ್ನು ಅಲ್ಲಿಯೇ ಇದ್ದ ಜರ್ವೇಸ್ ಎಂಬ ಸನ್ಯಾಸಿ ವರ್ಷಕ್ರಮದಲ್ಲಿ ಬರೆದಿಟ್ಟಿದ್ದಾನೆ. ಗೋಥಿಕ್ ವಾಸ್ತುವಿನ ಅಭ್ಯಾಸಿಗಳಿಗೆ ಈ ಲ್ಯಾಟಿನ್ ಬರಹವು ಅಮೂಲ್ಯ. ಆದರೆ ಅದನ್ನು ಹೇಗೆ ಓದಬೇಕೆಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ.

ಕ್ರಿ.ಶ. 597ರಲ್ಲಿ ಸಂತ ಅಗಸ್ಟೀನನು ಇಂಗ್ಲೆಂಡಿಗೆ ಬಂದಂದಿನಿಂದ ಕ್ಯಾಂಟರ್ಬರಿಗೆ ಧಾರ್ಮಿಕ ಕೇಂದ್ರವೆಂಬ ಸ್ಥಾನ ದೊರೆತಿತ್ತು. ಹಳೆಯ ಸ್ಯಾಕ್ಸನ್ ಇಗರ್ಜಿ 1067ರಲ್ಲಿ ಬೆಂಕಿಗೆ ಆಹುತಿಯಾಯಿತು. ಆರ್ಚ್‌ಬಿಷಪ್ ಲ್ಯಾನ್‌ಫ್ರಾಂಕ್ 1070ರ ದಶಕದಲ್ಲಿ ನಾರ್ಮನ್ ರೀತಿಯಲ್ಲಿ ಅದನ್ನು ಹೊಸದಾಗಿ ಕಟ್ಟಿಸಿದನು. ಬಳಿಕ ಆನ್‌ಸೆಲ್ಮನ ಕಾಲದಲ್ಲಿ ಪೂರ್ವದಿಕ್ಕಿನ ಗಾಯನಮಂಟಪವನ್ನು, ಎಂದರೆ ಸನ್ಯಾಸಿಗಳು ಕುಳಿತು ಪ್ರಾರ್ಥನಾಗೀತೆಗಳನ್ನು ಹಾಡುವ ಭಾಗವನ್ನು, ಬಹಳ ವಿಸ್ತರಿಸಲು ಆರಂಭಿಸಲಾಯಿತು. ಆ ಕಟ್ಟಡದ ಪ್ರತಿಷ್ಠಾಪನೆ 1130ರಲ್ಲಿ ನಡೆಯಿತು. 1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಈ ಇಗರ್ಜಿಯೊಳಗೇ ಹತನಾದನು. 1173ರಲ್ಲಿ ಪೋಪ್ ಅವನನ್ನು ಸಂತನೆಂದು ಘೋಷಿಸಿದನು. ನೆಲಮಾಳಿಗೆಯಲ್ಲಿದ್ದ ಅವನ ಸಮಾಧಿಗೆ ಯಾತ್ರಿಕರು ಬರತೊಡಗಿದರು. ಮರುವರ್ಷವೇ, 1174ರ ಸೆಪ್ಟೆಂಬರ್ 5ರಂದು, ಗಾಯನಮಂಟಪ ಸುಟ್ಟುಹೋಯಿತು.

ಜರ್ವೇಸನ ಪ್ರಕಾರ ಮೊದಲು ಬೆಂಕಿ ಹೊತ್ತಿದ್ದು ಹೊರಗೆ, ಮಠದ ಬಾಗಿಲ ಮುಂದಿನ ಸಣ್ಣ ಮನೆಗಳಲ್ಲಿ. ಜನ ಅದನ್ನು ಆರಿಸಿ ಮನೆಗಳಿಗೆ ಹಿಂದಿರುಗಿದರು. ಅಷ್ಟರಲ್ಲಿ ಬಿರುಸಾದ ತೆಂಕಣ ಗಾಳಿಗೆ ಹಾರಿದ ಕಿಡಿಗಳು ಇಗರ್ಜಿಯ ಛಾವಣಿಯ ಸೀಸದ ತಗಡುಗಳ ಸಂದಿಯಲ್ಲಿ ಸೇರಿ, ಒಳಗಿನ ಹಳೆಯ ತೊಲೆಗಳಿಗೆ ಹತ್ತಿಕೊಂಡಿದ್ದವು. ಮೇಲೆ ಸೀಸ, ಕೆಳಗೆ ಬಣ್ಣ ಬಳಿದ ಮರದ ಮುಚ್ಚಿಗೆ; ನಡುವೆ ಬೆಂಕಿ ಯಾರಿಗೂ ಕಾಣದೆ ಬೆಳೆಯಿತು. ಸೀಸ ಕರಗತೊಡಗಿದಾಗಲೇ ಎಲ್ಲರಿಗೂ ತಿಳಿದದ್ದು. ಸನ್ಯಾಸಿಗಳು ಐದು ವರ್ಷಕ್ಕೂ ಮಿಕ್ಕಿ ಪಶ್ಚಿಮದ ಸಭಾಂಗಣದಲ್ಲಿ, ಜನರಿಂದ ತಮ್ಮನ್ನು ಬೇರ್ಪಡಿಸುವ ಗಿಡ್ಡ ಗೋಡೆಯೊಂದರ ಮರೆಯಲ್ಲಿ ಪ್ರಾರ್ಥನೆ ನಡೆಸಿದರು. ಅದು ಹಾಡಾಗಿರದೆ ಗೋಳಾಗಿತ್ತು ಎಂಬ ಭಾವ ಅವನ ಬರಹದಲ್ಲಿದೆ.

ಪುನರ್ನಿರ್ಮಾಣಕ್ಕಾಗಿ ಫ್ರಾನ್ಸಿನಿಂದಲೂ ಇಂಗ್ಲೆಂಡಿನಿಂದಲೂ ಶಿಲ್ಪಿಗಳನ್ನು ಕರೆಸಲಾಯಿತು. ಅವರಲ್ಲಿ ಒಮ್ಮತ ಮೂಡಲಿಲ್ಲ. ಬೆಂಕಿಯಿಂದ ಸೀಳಿದ ಕಂಬಗಳನ್ನು ದುರಸ್ತಿ ಮಾಡಬಹುದೆಂದು ಕೆಲವರು, ಎಲ್ಲವನ್ನೂ ಕೆಡವಬೇಕೆಂದು ಕೆಲವರು ವಾದಿಸಿದರು. ಕೊನೆಗೆ ಮರ ಮತ್ತು ಕಲ್ಲು ಎರಡರ ಕೆಲಸದಲ್ಲೂ ನಿಪುಣನಾದ ಸೆನ್ಸ್ ಪಟ್ಟಣದ ವಿಲಿಯಂ ಆಯ್ಕೆಯಾದನು. ಬೆಕೆಟ್ ತನ್ನ ದೇಶಭ್ರಷ್ಟ ಜೀವನದ ಹಲವು ವರ್ಷಗಳನ್ನು ಕಳೆದದ್ದೂ ಆ ಸೆನ್ಸ್ ಪಟ್ಟಣದಲ್ಲಿಯೇ. ಅಲ್ಲಿನ ಕೆಥೆಡ್ರಲ್ ಗೋಥಿಕ್ ರೀತಿಯ ಮೊದಲ ದೊಡ್ಡ ಕಟ್ಟಡಗಳಲ್ಲಿ ಒಂದು. ವಿಲಿಯಂ ಕಟ್ಟಡವನ್ನು ಹಲವು ದಿನ ಪರೀಕ್ಷಿಸಿದನು. ಎಲ್ಲವನ್ನೂ ಕೆಡವಬೇಕೆಂಬ ಸತ್ಯವನ್ನು ಸನ್ಯಾಸಿಗಳಿಗೆ ಕೂಡಲೇ ತಿಳಿಸದೆ, ಅವರ ದುಃಖ ಶಮನವಾಗುವವರೆಗೆ ತಡೆದು ನಂತರ ಹೇಳಿದನು.

ಮೊದಲ ವರ್ಷ ಕೆಡವುವುದರಲ್ಲಿಯೂ ಸಮುದ್ರದಾಚೆಯಿಂದ ಕಲ್ಲು ತರಿಸುವುದರಲ್ಲಿಯೂ ಕಳೆಯಿತು. ಹಡಗುಗಳಿಗೆ ಕಲ್ಲನ್ನು ಏರಿಸಿ ಇಳಿಸಲು ವಿಲಿಯಂ ಯಂತ್ರಗಳನ್ನು ರಚಿಸಿದನು. ಕಲ್ಲು ಕಡೆಯುವವರಿಗೆ ಅಚ್ಚುಗಳನ್ನು ಕೊಟ್ಟನು. ಎರಡನೆಯ ವರ್ಷ ಚಳಿಗಾಲಕ್ಕೆ ಮೊದಲು ನಾಲ್ಕು, ಆಮೇಲೆ ಎರಡು ಕಂಬಗಳು ನಿಂತವು. ಹೀಗೆ ಕೆಲಸ ಪಶ್ಚಿಮದಿಂದ ಪೂರ್ವಕ್ಕೆ ಸಾಗಿತು. 1178ರಲ್ಲಿ, ಐದನೆಯ ವರ್ಷದ ಆರಂಭದಲ್ಲಿ, ಮಹಾಛಾವಣಿಯ ಕಮಾನು ತಿರುಗಿಸುವ ಸಿದ್ಧತೆಯಲ್ಲಿದ್ದಾಗ ಕಾಲಡಿಯ ತೊಲೆಗಳು ಮುರಿದು ವಿಲಿಯಂ ಸುಮಾರು 50 ಅಡಿ ಎತ್ತರದಿಂದ ಬಿದ್ದನು. ಹಾಸಿಗೆಯಲ್ಲಿ ಮಲಗಿಯೇ ಸ್ವಲ್ಪಕಾಲ ಕೆಲಸ ನಡೆಸಿದನು. ಗುಣಮುಖನಾಗುವ ಆಸೆ ಕಾಣದೆ ಫ್ರಾನ್ಸಿಗೆ ಹಿಂದಿರುಗಿದನು. ಅವನ ಸ್ಥಾನಕ್ಕೆ ಬಂದವನೂ ವಿಲಿಯಂ ಎಂಬುವನೇ, ಇಂಗ್ಲೆಂಡಿನವನು. ದೇಹದಲ್ಲಿ ಕುಳ್ಳ, ಕೆಲಸದಲ್ಲಿ ಸೂಕ್ಷ್ಮಮತಿ. 1180ರ ಈಸ್ಟರ್ ಹೊತ್ತಿಗೆ ಸನ್ಯಾಸಿಗಳು ಹೊಸ ಗಾಯನಮಂಟಪವನ್ನು ಪ್ರವೇಶಿಸಿದರು. ಒಂದು ವರ್ಷ ಹಣವಿಲ್ಲದೆ ಕೆಲಸ ನಿಂತದ್ದೂ ದಾಖಲಾಗಿದೆ. ಪೂರ್ವದ ತುದಿಯ ಟ್ರಿನಿಟಿ ಚಾಪೆಲ್ 1184ರ ಹೊತ್ತಿಗೆ ಸಿದ್ಧವಾಯಿತು.

ಜರ್ವೇಸನ ವಿಶೇಷತೆ ಘಟನೆಗಳ ವರದಿಗಷ್ಟೇ ಸೀಮಿತವಲ್ಲ. ಅವನು ಹಳೆಯ ಕಟ್ಟಡವನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಾನೆ. ಕಂಬಗಳ ದಪ್ಪ ಒಂದೇ, ಎತ್ತರ ಮಾತ್ರ ಸುಮಾರು 12 ಅಡಿ ಹೆಚ್ಚು. ಹಿಂದೆ 22 ಕಂಬಗಳಿದ್ದಲ್ಲಿ ಈಗ 28. ಹಿಂದೆ ಬೋಧಿಗೆಗಳು ಸಾದಾ, ಈಗ ಕೆತ್ತನೆಯವು. ಅಲ್ಲಿ ಅಮೃತಶಿಲೆಯ ಕಂಬವೇ ಇರಲಿಲ್ಲ, ಇಲ್ಲಿ ಲೆಕ್ಕವಿಲ್ಲದಷ್ಟು. ಅಲ್ಲಿ ಕೊಡಲಿಯ ಕೆಲಸ, ಇಲ್ಲಿ ಉಳಿಯದು. ಅಲ್ಲಿ ಮರದ ಮುಚ್ಚಿಗೆ, ಇಲ್ಲಿ ಕಮಾನುಪಟ್ಟಿಗಳ ಮೇಲೆ ನಿಂತ ಕಲ್ಲಿನ ಛಾವಣಿ. ಗೋಥಿಕ್ ಎಂಬ ಹೆಸರು ಹುಟ್ಟುವ ಶತಮಾನಗಳ ಮೊದಲೇ, ಅದರ ಲಕ್ಷಣಗಳನ್ನು ಒಬ್ಬ ಸಮಕಾಲೀನನು ಹೀಗೆ ಗುರುತಿಸಿದ್ದಾನೆ. 1845ರಲ್ಲಿ ರಾಬರ್ಟ್ ವಿಲ್ಲಿಸ್ ಎಂಬ ವಿದ್ವಾಂಸನು ಈ ಬರಹವನ್ನು ಕಟ್ಟಡದೊಡನೆ ಹಂತಹಂತವಾಗಿ ತಾಳೆನೋಡಿದನು. ಮಧ್ಯಯುಗದ ವಾಸ್ತುಚರಿತ್ರೆಯ ಅಧ್ಯಯನಕ್ಕೆ ಅದು ಮಾದರಿಯಾಯಿತು.

ಆದರೂ ತಾಳೆನೋಡುವಾಗ ಒಂದು ಅಂಶ ಎದ್ದು ಕಾಣುತ್ತದೆ. ಹೋಲಿಕೆಯಲ್ಲಿ ಜರ್ವೇಸನು ವ್ಯತ್ಯಾಸಗಳನ್ನೇ ಸಾಲಾಗಿ ಹೇಳುತ್ತಾನೆ. ಕಲ್ಲು ನಿರಂತರತೆಯನ್ನೂ ಹೇಳುತ್ತದೆ. ಹಳೆಯ ನೆಲಮಾಳಿಗೆ ಹಾಗೆಯೇ ಉಳಿದಿದೆ. ಪಕ್ಕದ ಓಣಿಗಳ ಹೊರಗೋಡೆಗಳ ಕೆಳಭಾಗ ನಾರ್ಮನ್ ಕಾಲದ್ದೇ. ಬೆಂಕಿಯಿಂದ ಪಾರಾದ ಎರಡು ಹಳೆಯ ಗೋಪುರಗಳನ್ನು ಉಳಿಸಿಕೊಳ್ಳಬೇಕಾದುದರಿಂದ ಗಾಯನಮಂಟಪವು ಪೂರ್ವಕ್ಕೆ ಹೋಗುತ್ತ ಕಿರಿದಾಗುತ್ತದೆ; ಈ ಕಾರಣವನ್ನು ಅವನೇ ಹೇಳಿದ್ದಾನೆ. ಇಂದಿಗೂ ಅಲ್ಲಿ ನಿಂತವರಿಗೆ ಆ ಬಾಗು ಸ್ಪಷ್ಟವಾಗಿ ಕಾಣುತ್ತದೆ. ಹೊಸ ರೀತಿಯು ಹಳೆಯ ಪಾಯಕ್ಕೆ ಒಗ್ಗಿಕೊಂಡು ಬೆಳೆದುದಕ್ಕೆ ಇದೇ ಸಾಕ್ಷಿ.

ಬರಹಗಾರನ ಸ್ಥಾನವನ್ನೂ ಗಮನಿಸಬೇಕು. 1163ರಲ್ಲಿ ಬೆಕೆಟ್‌ನ ಮುಂದೆಯೇ ಜರ್ವೇಸನು ಸನ್ಯಾಸವ್ರತ ಸ್ವೀಕರಿಸಿದ್ದನು. 1180ರ ದಶಕದಲ್ಲಿ ಆರ್ಚ್‌ಬಿಷಪ್ ಬಾಲ್ಡ್‌ವಿನ್‌ಗೂ ಮಠಕ್ಕೂ ತೀವ್ರ ವಿವಾದ ನಡೆದಾಗ ಅವನು ಮಠದ ಪರವಾಗಿದ್ದನು. ಹೊಸ ಕಟ್ಟಡ ಪೂರ್ವಕ್ಕೆ ಬೆಳೆದುದಕ್ಕೂ ಎತ್ತರಕ್ಕೆ ಏರಿದುದಕ್ಕೂ ಬೆಕೆಟ್‌ನ ಅವಶೇಷಗಳಿಗೆ ತಕ್ಕ ಸ್ಥಳ ಬೇಕಾದದ್ದು ಮುಖ್ಯ ಕಾರಣ. 1220ರ ಜುಲೈ 7ರಂದು ಅವುಗಳನ್ನು ನೆಲಮಾಳಿಗೆಯಿಂದ ಟ್ರಿನಿಟಿ ಚಾಪೆಲ್‌ಗೆ ತರಲಾಯಿತು. ಬೆಂಕಿ ಮಠಕ್ಕೆ ಅನುಕೂಲವಾಗುವ ಹೊತ್ತಿಗೇ ಬಂತೆಂದು ಶಂಕಿಸಿದ ಆಧುನಿಕ ವಿದ್ವಾಂಸರೂ ಇದ್ದಾರೆ. ಆ ಶಂಕೆಯನ್ನು ಒಪ್ಪಲು ತಕ್ಕಷ್ಟು ಆಧಾರ ನನಗೆ ಕಾಣುವುದಿಲ್ಲ. ಆದರೆ ಅದರ ಹಿಂದಿನ ಪ್ರಶ್ನೆ ನ್ಯಾಯವಾದದ್ದು. ವಿಲಿಯಂ ಸತ್ಯವನ್ನು ಕೆಲಕಾಲ ತಡೆದಿಟ್ಟನೆಂದು ತಿಳಿಸುವ ಲೇಖಕನು ತಾನು ಏನನ್ನು ತಡೆದಿಟ್ಟಿರಬಹುದು?

ಈ ಪ್ರಶ್ನೆಯಿಂದ ಜರ್ವೇಸನ ಬೆಲೆ ಕುಗ್ಗುವುದಿಲ್ಲ. ಸ್ಥಪತಿಯ ಹೆಸರು, ಅವನ ಬೀಳುವಿಕೆ, ಹಣದ ಅಭಾವ ಇವು ಕಲ್ಲಿನಲ್ಲಿ ಉಳಿಯುವಂಥವಲ್ಲ. ಅವನ ಬರಹದಿಂದಲೇ ನಮಗೆ ಬಂದಿವೆ. ಉಳಿದ ಹಳೆಯ ಗೋಡೆಗಳ ವಿಷಯದಲ್ಲಿ ಮಾತ್ರ ಕಟ್ಟಡವನ್ನೇ ಕೇಳಬೇಕು. ಸಾಹಿತ್ಯದ ಆಕರದಿಂದ ಚರಿತ್ರೆಯನ್ನು ಕಟ್ಟಹೊರಟ ಸಂಶೋಧಕರು ಕ್ಯಾಂಟರ್ಬರಿಯಲ್ಲಿ ಎರಡನ್ನೂ ಒಟ್ಟಿಗೆ ಓದುವ ಅಭ್ಯಾಸ ಮಾಡಬಹುದು.