ಎಲ್ಲರ ಬೀಗ, ಕಾಯುವವನೊಬ್ಬ

ಅಂತರಜಾಲದಲ್ಲಿ ಸಾಗುವ ಗುಟ್ಟಿನ ಮಾತನ್ನು ದಾರಿಯಲ್ಲಿ ಯಾರೂ ಓದದಂತೆ ಬೀಗ ಹಾಕುವ ಕೆಲಸವನ್ನು ಸಾವಿರಾರು ತಂತ್ರಾಂಶಗಳು ಒಂದೇ ಭಂಡಾರಕ್ಕೆ ಒಪ್ಪಿಸಿದ್ದವು. ಅದು 1998ರಲ್ಲಿ ಆರಂಭವಾದ ಓಪನ್‌ಎಸ್‌ಎಸ್‌ಎಲ್. ಯುನಿಕ್ಸ್, ವಿಂಡೋಸ್, ವಿಎಂಎಸ್ ಎಂದು ಹಲವು ಬಗೆಯ ವ್ಯವಸ್ಥೆಗಳಿಗೆ ಅದನ್ನು ಒಗ್ಗಿಸಲಾಗಿತ್ತು. ಪುಕ್ಕಟೆ ಸಿಗುವಾಗ ಬೇರೆ ಬೀಗ ಮಾಡಿಸುವವರಾರು?

2012ರ ಮಾರ್ಚ್ ಆವೃತ್ತಿಯಲ್ಲಿ ತಪ್ಪೊಂದು ನುಸುಳಿತು. ಸಂಪರ್ಕ ಜೀವಂತವಿದೆಯೇ ಎಂದು ನೋಡಲು ಒಂದು ಕಂಪ್ಯೂಟರು ಕೆಲವು ಅಕ್ಷರ ಕಳುಹಿಸಿ ಅವನ್ನೇ ಮರಳಿ ಕೇಳುತ್ತದೆ. ಬಂದದ್ದೆಷ್ಟು ಎಂದು ಅಳೆಯದೆ, ಕೇಳಿದಷ್ಟನ್ನೂ ಈ ಭಂಡಾರ ಕೊಟ್ಟುಬಿಡುತ್ತಿತ್ತು. ಒಂದಕ್ಷರ ಕೊಟ್ಟು 64 ಸಾವಿರ ಕೇಳಿದರೆ ಪಕ್ಕದ ಸ್ಮೃತಿಯಲ್ಲಿದ್ದ ಗುಪ್ತಪದಗಳೂ ಹೊರಬರಬಹುದಿತ್ತು. ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಈ ದೋಷ 2014ರ ಏಪ್ರಿಲ್ 7ರಂದು ಬಯಲಾಯಿತು.

ಇಷ್ಟೆಲ್ಲಕ್ಕೆ ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರೇ, ವರ್ಷದ ದೇಣಿಗೆ ಸುಮಾರು 2,000 ಡಾಲರ್! ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ಹಣ ಕೂಡಿಸಲು ಮುಂದಾಯಿತು. ಓಪನ್‌ಬಿಎಸ್‌ಡಿ ತಂಡವಾದರೋ, ಹಳೆಯ ಯಂತ್ರಗಳಿಗಾಗಿ ಉಳಿಸಿಕೊಂಡಿದ್ದ ಸಾಲುಗಳನ್ನು ಕಿತ್ತೊಗೆದು ಲಿಬ್ರೆಎಸ್‌ಎಸ್‌ಎಲ್ ಎಂಬ ಪ್ರತ್ಯೇಕ ಕವಲನ್ನೇ ಹೂಡಿತು.