ಐವತ್ತು ಜನರ ಸಹಿ ತಂದವನಿಗೆ ಮಾತು: ಪುಣೆಯ ಸಾರ್ವಜನಿಕ ಸಭೆ

ಪುಣೆಯಲ್ಲಿರೋ ನಮ್ಮಂಥ ಐಟಿ ಮಂದಿಗೆ ಪರ್ವತಿ ಅಂದರೆ ಭಾನುವಾರ ಬೆಳಗ್ಗೆ ಮೆಟ್ಟಿಲು ಹತ್ತೋ ಗುಡ್ಡ. ಆದರೆ ಆ ಗುಡ್ಡದ ಮೇಲಿನ ದೇವಸ್ಥಾನದ ಆಡಳಿತ ಸರಿಯಿಲ್ಲ ಅಂತ ಶುರುವಾದ ಒಂದು ಜಗಳದಿಂದ ಈ ದೇಶದ ದೊಡ್ಡ ಚರ್ಚಾಕೂಟವೊಂದು ಹುಟ್ಟಿತು. ಇವತ್ತಿನ ಮಾತು ಅದರ ಬಗ್ಗೆ.

1870ರ ಏಪ್ರಿಲ್ 2. ಗಣೇಶ ವಾಸುದೇವ ಜೋಶಿ ಅನ್ನೋ ವಕೀಲರು ಮುಂದೆ ನಿಂತು ಪುಣೆ ಸಾರ್ವಜನಿಕ ಸಭಾ ಕಟ್ಟಿದರು. ಜನ ಅವರನ್ನ 'ಸಾರ್ವಜನಿಕ ಕಾಕಾ' ಅಂತಲೇ ಕರೆದರು. ಕಾಂಗ್ರೆಸ್ ಹುಟ್ಟೋಕೆ ಇನ್ನೂ 15 ವರ್ಷ ಇತ್ತು. ಚುನಾವಣೆ ಅನ್ನೋದು ಜನಕ್ಕೆ ಗೊತ್ತೇ ಇರಲಿಲ್ಲ.

ಈ ಸಭೆಯ ಒಂದು ನಿಯಮ ನನಗೆ ತುಂಬಾ ಇಷ್ಟ. ಯಾರು ಬೇಕಾದರೂ ಬಂದು ಸದಸ್ಯರಾಗೋ ಹಾಗಿರಲಿಲ್ಲ. ಕನಿಷ್ಠ 50 ಜನರಿಂದ ಮುಖತ್ಯಾರನಾಮೆ ತರಬೇಕಿತ್ತು, ಅಂದರೆ "ಇವರು ನಮ್ಮ ಪರವಾಗಿ ಮಾತಾಡಬಹುದು" ಅಂತ ಸಹಿ ಮಾಡಿದ ಪತ್ರ. ಹೀಗೆ ಸುಮಾರು 6,000 ಜನರ ಪರವಾಗಿ 95 ಸದಸ್ಯರು ಬಂದರು. ಬ್ರಿಟಿಷರು "ನೀವು ಯಾರ ಪರ ಮಾತಾಡ್ತಿದ್ದೀರಿ?" ಅಂತ ಕೇಳಿದರೆ ತೋರಿಸೋಕೆ ಕೈಯಲ್ಲಿ ಕಾಗದ ಇತ್ತು.

ಮರುವರ್ಷ, 1871ರಲ್ಲಿ, ಮಹಾದೇವ ಗೋವಿಂದ ರಾನಡೆ ನ್ಯಾಯಾಧೀಶರಾಗಿ ಪುಣೆಗೆ ಬಂದರು. ಅವರು ಬಂದ ಮೇಲೆ ಸಭೆಯ ಕೆಲಸಕ್ಕೆ ಇನ್ನೊಂದು ಶಿಸ್ತು ಬಂತು: ಮೊದಲು ಮಾಹಿತಿ, ಆಮೇಲೆ ಅಭಿಪ್ರಾಯ.

ಇದರ ನಿಜವಾದ ಪರೀಕ್ಷೆ ನಡೆದದ್ದು 1876-78ರ ಬರಗಾಲದಲ್ಲಿ. ಈ ಬರ ನಮಗೇನೂ ದೂರದ ಕಥೆಯಲ್ಲ. ಆಗ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ಅಲ್ಲೂ ಜನ ಹಸಿವಿನಿಂದ ಸತ್ತರು. 1877ರ ಜನವರಿಯಲ್ಲಿ ಪರಿಹಾರ ಕಾಮಗಾರಿಯಲ್ಲಿ ದುಡಿಯೋರ ಕೂಲಿಯನ್ನ ಸರ್ಕಾರ ಇಳಿಸಿತು. ಹೊಸ ಲೆಕ್ಕ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ. ಕಲ್ಲು ಒಡೆಯೋ ಮನುಷ್ಯನಿಗೆ ಅಷ್ಟು ಸಾಕಾಗುತ್ತಾ? ಕೆಲಸಗಾರರು ಕೆಲಸ ಬಿಟ್ಟು ಹೊರನಡೆದರು. ಸಾರ್ವಜನಿಕ ಸಭೆ ಅವರ ಪರ ನಿಂತಿತು. ಬರಪೀಡಿತ ಪ್ರದೇಶಗಳಿಂದ ವರದಿ ತರಿಸಿ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಿತು. ಜೈಲಿನ ಕೈದಿಗೆ ಸಿಗೋ ಊಟಕ್ಕಿಂತ ಇದು ಕಡಿಮೆ ಅಂತ ಲೆಕ್ಕ ಮುಂದಿಟ್ಟಿತು. ಘೋಷಣೆ ಕೂಗಿದ್ದರೆ ಅಧಿಕಾರಿಗಳು ತಳ್ಳಿಹಾಕಬಹುದಿತ್ತು. ಲೆಕ್ಕವನ್ನ ಹಾಗೆ ತಳ್ಳಿಹಾಕೋದು ಸುಲಭ ಅಲ್ಲ.

ಹಾಗಂತ ಸಭೆಯನ್ನ ಬರೀ ಹೊಗಳೋದು ಬೇಡ. ಹೆಸರು 'ಸಾರ್ವಜನಿಕ', ಆದರೆ ಒಳಗೆ ಕೂತವರು ಹೆಚ್ಚಾಗಿ ಮೇಲ್ಜಾತಿಯ ವಿದ್ಯಾವಂತರು, ಸರದಾರರು, ಇನಾಮದಾರರು, ಸಾಹುಕಾರರು. ಅದೇ ಪುಣೆಯಲ್ಲಿ 1873ರ ಸೆಪ್ಟೆಂಬರ್ 24ರಂದು ಜೋತಿರಾವ್ ಫುಲೆ ಸತ್ಯಶೋಧಕ ಸಮಾಜ ಕಟ್ಟಿದರು. 1885ರಲ್ಲಿ ಮರಾಠಿ ಲೇಖಕರ ಸಮ್ಮೇಳನಕ್ಕೆ ರಾನಡೆ ಕರೆದಾಗ ಫುಲೆ ಬರೋದಿಲ್ಲ ಅಂತ ಪತ್ರ ಬರೆದರು. ರೈತನ, ಶೂದ್ರನ ನೋವು ಗೊತ್ತಿಲ್ಲದವರ ಸಭೆಯಲ್ಲಿ ಕೂರೋದು ಯಾಕೆ ಅನ್ನೋದು ಅವರ ಪ್ರಶ್ನೆಯ ತಿರುಳು. ಚರ್ಚೆ ಎಷ್ಟೇ ಚೆನ್ನಾಗಿದ್ದರೂ, ಆ ಕೋಣೆಯಲ್ಲಿ ಯಾರಿಲ್ಲ ಅಂತ ಕೇಳಲೇಬೇಕು.

ಈಗ ಬೆಂಗಳೂರಿನ ಕಡೆ ಬರೋಣ. 1890ರಲ್ಲಿ ಈ ಸಭೆಯ ಕಾರ್ಯದರ್ಶಿಯಾದ ಹುಡುಗ ಗೋಪಾಲಕೃಷ್ಣ ಗೋಖಲೆ. ರಾನಡೆ ಕೈಯಲ್ಲಿ ಪಳಗಿದವರು. 1905ರಲ್ಲಿ ಭಾರತ ಸೇವಕ ಸಮಾಜ ಕಟ್ಟಿದರು. ಗಾಂಧೀಜಿ ದಕ್ಷಿಣ ಆಫ್ರಿಕಾದಿಂದ ಬಂದಾಗ, ಒಂದು ವರ್ಷ ದೇಶ ಸುತ್ತಿ ನೋಡಿ, ಅಲ್ಲಿವರೆಗೆ ಸಾರ್ವಜನಿಕ ವಿಷಯಗಳ ಬಗ್ಗೆ ಮಾತಾಡಬೇಡಿ ಅಂದವರು ಇವರೇ. ನಮ್ಮ ಡಿ.ವಿ. ಗುಂಡಪ್ಪನವರು ಗೋಖಲೆಯವರ ಜೀವನಚರಿತ್ರೆಯನ್ನ ಕನ್ನಡದಲ್ಲಿ ಬರೆದರು. 1945ರಲ್ಲಿ ಬೆಂಗಳೂರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಗ್ರಂಥಾಲಯ, ಅಧ್ಯಯನ ಗೋಷ್ಠಿ, ಉಪನ್ಯಾಸ, ಯಾವ ಪಕ್ಷದ ಬಾವುಟವೂ ಇಲ್ಲ. 1970ರಲ್ಲಿ ಜನ ಸನ್ಮಾನ ಮಾಡಿ ಕೊಟ್ಟ ಒಂದು ಲಕ್ಷ ರೂಪಾಯಿಯನ್ನ ಡಿವಿಜಿ ಈ ಸಂಸ್ಥೆಗೇ ಕೊಟ್ಟುಬಿಟ್ಟರು.

ಇದನ್ನೆಲ್ಲ ನಿಮಗೆ ಯಾಕೆ ಹೇಳ್ತಿದ್ದೀನಿ ಅಂದರೆ, ನಮ್ಮಲ್ಲಿ ಒಂದು ಮಾತಿದೆ: "ನಾವು ಹೊರಗಿನೋರು, ಇಲ್ಲಿನ ನೀರು, ರಸ್ತೆ, ಕಸದ ವಿಷಯ ನಮಗ್ಯಾಕೆ?" ವೋಟು ಊರಲ್ಲಿ, ಬಾಡಿಗೆ ಇಲ್ಲಿ. ಸ್ವಲ್ಪ ನೋಡಿ: ಜೋಶಿಯವರು ಸತಾರದಿಂದ ಬಂದವರು. ರಾನಡೆ ಹುಟ್ಟಿದ್ದು ನಾಸಿಕ್ ಕಡೆಯ ನಿಫಾಡ್‌ನಲ್ಲಿ, ಬೆಳೆದಿದ್ದು ಕೊಲ್ಹಾಪುರದಲ್ಲಿ, ಪುಣೆಗೆ ಬಂದದ್ದು ನೌಕರಿಗೆ. ಗೋಖಲೆ ರತ್ನಾಗಿರಿ ಜಿಲ್ಲೆಯ ಕೋತಳೂಕಿನವರು, ಪುಣೆಗೆ ಮೇಷ್ಟ್ರಾಗಿ ಬಂದರು. ಮೂವರಿಗೂ ಮರಾಠಿ ಮನೆಮಾತು, ಅದು ನಮಗಿಲ್ಲದ ಅನುಕೂಲ, ಒಪ್ಪಿದೆ. ಆದರೂ ಈ ಊರಿನ ಪರ ಮಾತಾಡೋ ಹಕ್ಕು ಅವರಿಗೆ ಇಲ್ಲೇ ಹುಟ್ಟಿದ್ದರಿಂದ ಬಂದದ್ದಲ್ಲ.

ನಮ್ಮ ಸೊಸೈಟಿಯಲ್ಲಿ ಪ್ರತಿ ಬೇಸಿಗೆ ಟ್ಯಾಂಕರ್ ನೀರಿನ ಮೀಟಿಂಗ್ ನಡೆಯುತ್ತೆ. ಮಾತಾಡೋರು ಎಂಟು ಜನ. ಅವರಲ್ಲಿ ಯಾರೂ ಪಕ್ಕದ ಮನೆಯವರನ್ನೂ ಕೇಳಿಕೊಂಡು ಬಂದಿರಲ್ಲ. ವಾಚ್‌ಮನ್, ಮನೆಕೆಲಸದ ಮಾವಶಿ, ಗೋಡೆಯಾಚೆಯ ಬಸ್ತಿಯವರಿಗೆ ನೀರು ಎಲ್ಲಿಂದ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ. ಮುಂದಿನ ಮೀಟಿಂಗಿಗೆ ಮೊದಲು ಒಂದು ನೋಟ್‌ಬುಕ್ ಹಿಡಿದು ಐವತ್ತು ಜನರನ್ನ ಕೇಳೋಣ ಅಂತ ನಾವು ನಾಲ್ಕು ಜನ ಕನ್ನಡದೋರು, ಇಬ್ಬರು ಮರಾಠಿ ಗೆಳೆಯರು ಮಾತಾಡಿಕೊಂಡಿದ್ದೀವಿ. ಬಸ್ತಿಯಿಂದಲೇ ಶುರು ಮಾಡ್ತೀವಿ. ನಿಮ್ಮೂರಲ್ಲಿ, ಹೈದರಾಬಾದ್ ಇರಲಿ, ಚೆನ್ನೈ ಇರಲಿ, ಇಂಥದ್ದೇನಾದರೂ ನಡೀತಿದ್ದರೆ ಬರೆದು ತಿಳಿಸಿ. ಸಿಗೋಣ.