ಶೋಕಿಯೂ ಶುಚಿಯೂ

ಉಡುಪಿನ ಅತಿಮೋಹಕ್ಕೆ ನಮ್ಮ ಜನ ಇಟ್ಟ ಹೆಸರು ‘ಶೋಕಿ’. ಸದಾ ಕನ್ನಡಿಯ ಮುಂದೆ ನಿಲ್ಲುವವನು ‘ಶೋಕಿಲಾಲ’. ಮಾತಿನಲ್ಲಿ ಅಣಕವಿದ್ದರೂ ಗಂಡಸರ ಈ ಶೋಕಿಗೊಂದು ಚರಿತ್ರೆಯಿದೆ. ಅದರ ಒಂದು ಅಧ್ಯಾಯ ನಮ್ಮ ಮಂಗಳೂರಿಗೆ ಸೇರಿದ್ದು.

ಪಾಶ್ಚಾತ್ಯ ಶೋಕಿಲಾಲರ ಮೂಲಪುರುಷನೆಂದರೆ ಲಂಡನ್ನಿನ ಬ್ರಮೆಲ್ (1778–1840). ಕೊರಳವಸ್ತ್ರದ ಮಡಿಕೆ ಸರಿಬರುವವರೆಗೂ ಮನೆಯಿಂದ ಹೊರಬೀಳದ ಈತನನ್ನು ಯುವರಾಜನೇ ಅನುಕರಿಸುತ್ತಿದ್ದ. ಸಾಲ ಮಿತಿಮೀರಿ 1816ರಲ್ಲಿ ಫ್ರಾನ್ಸಿಗೆ ಪಲಾಯನಗೈದ ಆತ ಅಲ್ಲಿಯೇ ನಿರ್ಗತಿಕನಾಗಿ ತೀರಿಕೊಂಡ.

1888ರಲ್ಲಿ ಅದೇ ಲಂಡನ್ನಿಗೆ ಓದಲು ಹೋದ ಗಾಂಧೀಜಿಗೂ ಈ ಗಾಳಿ ಸೋಕಿತ್ತು. ಹತ್ತು ಪೌಂಡಿನ ಸೂಟು, ಎತ್ತರದ ಟೋಪಿ, ಚಿನ್ನದ ಗಡಿಯಾರದ ಸರಪಳಿ, ನೃತ್ಯ ಹಾಗೂ ಪಿಟೀಲಿನ ಪಾಠ, ಟೈ ಸರಿಪಡಿಸಲು ನಿತ್ಯ ಹತ್ತು ನಿಮಿಷ ಕನ್ನಡಿಯ ಸೇವೆ. ಇವನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಆ ಗಾಂಧೀಜಿ 1920ರ ಆಗಸ್ಟಿನಲ್ಲಿ ಅಸಹಕಾರದ ಸಂದೇಶ ಹೊತ್ತು ಮಂಗಳೂರಿಗೆ ಬಂದರು. ವಕೀಲರೂ ಸಿರಿವಂತರೂ ಆಗಿದ್ದ ಕಾರ್ನಾಡು ಸದಾಶಿವ ರಾಯರು (1881–1937) ಅದಕ್ಕೂ ಮುನ್ನವೇ, 1919ರಲ್ಲಿ, ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ್ದರು. ಅವರು ವಕೀಲಿ ತೊರೆದು, ಖಾದಿ ತೊಟ್ಟು, ಆಸ್ತಿಯನ್ನೆಲ್ಲ ದೇಶಕಾರ್ಯಕ್ಕೆ ಸುರಿದು, ಕೊನೆಗೆ ಬರಿಗೈಯಲ್ಲಿ ಮುಂಬಯಿಯಲ್ಲಿ ಕಣ್ಮುಚ್ಚಿದರು. ಬ್ರಮೆಲ್ಲನೂ ಬರಿದಾದ, ರಾಯರೂ ಬರಿದಾದರು. ಒಬ್ಬ ತನ್ನನ್ನು ಸಿಂಗರಿಸಿಕೊಳ್ಳಲು, ಇನ್ನೊಬ್ಬರು ಅನ್ಯರ ಮಾನ ಕಾಯಲು.

ಹಾಗಾದರೆ ಚೆನ್ನಾಗಿ ಉಡುವುದೇ ತಪ್ಪೇ? ಹಾಗೆನ್ನಲು ನನ್ನ ಮನಸ್ಸು ಒಪ್ಪದು. ತುಂಡುಬಟ್ಟೆಗೂ ಗತಿಯಿಲ್ಲದವರು ನಮ್ಮ ಜಿಲ್ಲೆಯಲ್ಲಿ ಬಹಳವಿದ್ದರು. ಅಂಥವರ ಮನೆಯ ಹುಡುಗ ಒಗೆದ ಅಂಗಿ ತೊಟ್ಟು ಬೀದಿಗಿಳಿದರೆ ಅದನ್ನೂ ಶೋಕಿಯೆಂದು ಹಳಿದ ಉಳ್ಳವರಿದ್ದರು. 1897ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಕಟ್ಟಿ ಶಾಲೆಗೆ ಕರೆತಂದ ಮಕ್ಕಳಿಗೆ ಶುಚಿಯಾದ ಬಟ್ಟೆ ಶೋಕಿಯಲ್ಲ, ಮನುಷ್ಯರೆನಿಸಿಕೊಳ್ಳುವ ಹಕ್ಕು. ಅಂಬೇಡ್ಕರರ ಸೂಟಿನ ಅರ್ಥವೂ ಅದೇ. ಖಾದಿಯನ್ನು ಬಿಟ್ಟುಕೊಟ್ಟವನು ತ್ಯಾಗಿಯಾಗಬಲ್ಲ. ಬಿಡಲು ಏನೂ ಇಲ್ಲದವನಿಗೆ ತೊಡುವುದೇ ಪ್ರತಿಭಟನೆ. ಇತ್ತ ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿದ ಖಾದಿಯೂ ಸ್ವಾತಂತ್ರ್ಯಾನಂತರ ಎಷ್ಟೋ ಜನರ ಶೋಕಿಯಾಯಿತು.

ಶೋಕಿ ಇರುವುದು ಬಟ್ಟೆಯಲ್ಲಲ್ಲ, ‘ನಾನು ನಿನಗಿಂತ ಮೇಲು’ ಎನ್ನುವ ನೋಟದಲ್ಲಿ. ಮೂರು ದಶಕಗಳ ಕಾಲ ತರಗತಿಯಲ್ಲಿ ಮಾಸಿದ ಅಂಗಿಯ ಮಕ್ಕಳನ್ನೂ ಮಿರುಗುವ ಅಂಗಿಯ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕಂಡ ನನಗೆ ಇದು ಪುಸ್ತಕದ ಮಾತಷ್ಟೇ ಅಲ್ಲ. ನನ್ನ ವಿದ್ಯಾರ್ಥಿಗಳೇ, ಈಗ ನೀವೂ ಮಕ್ಕಳಿಗೆ ಬಟ್ಟೆ ಕೊಳ್ಳುವ ವಯಸ್ಸಿನವರು. ಮಂಗಳೂರಿನ ಕೆ.ಎಸ್. ರಾವ್ ರಸ್ತೆಗೆ ಹೋದಾಗ ಆ ಎರಡಕ್ಷರಗಳ ಹಿಂದಿರುವ ಪೂರ್ಣ ಹೆಸರು ಕಾರ್ನಾಡು ಸದಾಶಿವ ರಾವ್ ಎಂಬುದನ್ನು ಅವರಿಗೆ ಹೇಳಿ. ಒಳ್ಳೆಯ ಅಂಗಿಯನ್ನೇ ಕೊಡಿಸಿ. ಅದರ ಜೊತೆಗೆ ಈ ಕಥೆಯನ್ನೂ ಕೊಡಿ.